ದಿನಾ ಕೀ ಕೊಡುವ ಮಾವನಿಗೊಂದು ಬಹಿರಂಗ ಪತ್ರ

ತೀರ್ಥರೂಪು ಸಮಾನರಾದ ಆರ್.ಟಿ. ನಗರದ ಸೋದರಮಾವನವರಿಗೆ, ಯಲಹಂಕ ಓಲ್ಡ್ ಟೌನಿನಿಂದ ನಿಮ್ಮ ಅಳಿಯ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ. ಇದನ್ನು ಫ್ಯಾಮಿಲಿ ಗ್ರೂಪಿನಲ್ಲೇ ಹಾಕಬಹುದಿತ್ತು. ಆದರೆ ಅಲ್ಲಿ ನಿಮ್ಮ ಸೂರ್ಯೋದಯಗಳ ಮಧ್ಯೆ ನನ್ನ ನಾಲ್ಕು ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ.

ಕೆಲಸ ಹೋಗಿ ಏಳು ತಿಂಗಳಾಯಿತು. ಅಂದಿನಿಂದ ಬೆಳಗ್ಗೆ 5.40ಕ್ಕೆ ನಿಮ್ಮ ಸುವಿಚಾರ ಬರುವುದು ಒಂದು ದಿನವೂ ತಪ್ಪಿಲ್ಲ. ಹದ್ದು ಬಿರುಗಾಳಿಗೆ ಹೆದರುವುದಿಲ್ಲವಂತೆ. ಬಿದಿರು ಐದು ವರ್ಷ ನೆಲದೊಳಗೇ ಬೇರು ಬಿಡುತ್ತಾ ತಾಳ್ಮೆಯಿಂದ ಕಾಯುತ್ತದಂತೆ. ಬಿದಿರಿಗೆ ಬಾಡಿಗೆ ಕಟ್ಟುವುದಿಲ್ಲವಲ್ಲ ಮಾವ.

ನಿಮ್ಮ ಕೈಲಿರುವುದು ಮದುವೆಗೆ ತಾತ ಕೊಡಿಸಿದ ಎಚ್‌ಎಂಟಿ ಜನತಾ ವಾಚು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ನಮ್ಮ ಜಾಲಹಳ್ಳಿಯಲ್ಲೇ ವಾಚು ಮಾಡಲು ಹೊರಟಿತು. 2016ರಲ್ಲಿ ಆ ವಾಚಿನ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಕಂಪನಿ ನಿಂತರೂ ನಿಮ್ಮ ವಾಚು ನಿಂತಿಲ್ಲ, ದಿನಾ ತಪ್ಪದೆ ಕೀ ಕೊಡುತ್ತೀರಲ್ಲ. ನನಗೂ ಹಾಗೇ ಕೀ ಕೊಟ್ಟರೆ ಓಡುತ್ತೇನೆ ಎಂದು ನಂಬಿದ್ದೀರಿ.

ಓಡುತ್ತಿದ್ದೇನೆ. ಎಂಟೂವರೆಗೆ ಇಸ್ತ್ರಿ ಶರಟು ಹಾಕಿ ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೇರಿಸಿ ಹೊರಡುತ್ತೇನೆ. ಲ್ಯಾಪ್‌ಟಾಪನ್ನು ಆಫೀಸಿನವರು ಅವತ್ತೇ ಇಸಿದುಕೊಂಡರು. ಬ್ಯಾಗಿನಲ್ಲಿರುವುದು ನೀರಿನ ಬಾಟಲು, ಡಬ್ಬಿಯಲ್ಲಿ ಚಿತ್ರಾನ್ನ, ಬಯೋಡೇಟಾದ ಆರು ಪ್ರತಿ. ಮಹಡಿ ಮೇಲಿಂದ ಓನರ್ ಆಂಟಿ ನೋಡುತ್ತಾರೆ; ಬಾಡಿಗೆ ಬರುತ್ತದೆಂದು ಅವರಿಗೂ ಸಮಾಧಾನ. ಬಸ್ಸು ಹೆಬ್ಬಾಳದ ಜಾಮಿನಲ್ಲಿ ನಿಂತಾಗ ಅಕ್ಕಪಕ್ಕದವರು ಟೈಮ್ ನೋಡಿಕೊಂಡು ಬೈಯುತ್ತಾರೆ. ಮೊದಲು ನಾನೂ ಬೈಯುತ್ತಿದ್ದೆ. ಈಗ ಇನ್ನೊಂದು ಹತ್ತು ನಿಮಿಷ ನಿಂತೇ ಇರಲಿ ಅನಿಸುತ್ತದೆ. ಅಷ್ಟು ಹೊತ್ತು ನಾನೂ ಎಲ್ಲರ ಹಾಗೆ ಆಫೀಸಿಗೆ ಲೇಟಾದವನೇ.

‘ಹೇಗೂ ಖಾಲಿ ಇದ್ದೀಯ, ಪುಸ್ತಕವಾದರೂ ಓದು’ ಎಂದಿರಿ. ಅದಕ್ಕೇ ಹೇಳುತ್ತೇನೆ, ಆಸ್ಟ್ರಿಯಾದಲ್ಲಿ ಮರಿಯೆಂತಾಲ್ ಎಂಬ ಊರಿದೆ. ಅಲ್ಲಿನ ಬಟ್ಟೆ ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸವಿಲ್ಲದೆ ಕೂತಾಗ, ಮರೀ ಯಹೋದಾ ಎಂಬ ಸಂಶೋಧಕಿ ಮತ್ತು ಜೊತೆಗಾರರು ಹೋಗಿ ನೋಡಿ, 1933ರಲ್ಲಿ ಪುಸ್ತಕ ಬರೆದರು. ಊರಿನವರ ಕೈಲಿ ಹೊತ್ತು ಬೇಕಾದಷ್ಟಿತ್ತು. ಆದರೂ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಹೆಚ್ಚುವ ಬದಲು ಕಡಿಮೆಯಾಗಿತ್ತು. ಗಂಡಸರು ರಸ್ತೆಯಲ್ಲಿ ನಡೆಯುವುದೇ ನಿಧಾನವಾಗಿತ್ತು. ಪಾಪ, ಅವರಿಗೆ ಸುವಿಚಾರ ಕಳಿಸುವ ಮಾವ ಇರಲಿಲ್ಲ ಅಂತ ಕಾಣುತ್ತದೆ.

‘ಯುವನಿಧಿಗೆ ಅರ್ಜಿ ಹಾಕು’ ಎಂದೂ ಹೇಳಿದಿರಿ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಶಿವಮೊಗ್ಗದಲ್ಲಿ ಚಾಲನೆ ಕೊಟ್ಟ ಆ ನಿರುದ್ಯೋಗ ಭತ್ಯೆ ಯೋಜನೆ ಆಗಷ್ಟೇ ಪಾಸಾದ ಮಕ್ಕಳಿಗೆ: ಡಿಗ್ರಿಯವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ, ಅದೂ ಹೆಚ್ಚೆಂದರೆ ಎರಡು ವರ್ಷ. ನಾನು ಬಿ.ಕಾಂ. ಮುಗಿಸಿದ್ದು 2006ರಲ್ಲಿ. ಭತ್ಯೆ ಪಡೆಯುವ ಆ ಮಕ್ಕಳಾದರೋ ‘ನಾನು ಇನ್ನೂ ನಿರುದ್ಯೋಗಿ’ ಎಂದು ಸ್ವಯಂ ಘೋಷಣೆ ಕೊಡುತ್ತಿರಬೇಕು. ಆ ಮಟ್ಟಿಗೆ ನೆಂಟರಿಗಿಂತ ಸರ್ಕಾರವೇ ವಾಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಲು ಬಿಡುತ್ತದೆ. ನಾನು ಇಂಟರ್‌ವ್ಯೂನಲ್ಲಿ ‘ಹೊಸ ಸವಾಲು ಹುಡುಕುತ್ತಿದ್ದೇನೆ’ ಅನ್ನಬೇಕು, ಮದುವೆ ಮನೆಯಲ್ಲಿ ‘ಸ್ವಲ್ಪ ಬ್ರೇಕ್ ತಗೊಂಡಿದ್ದೀನಿ’ ಅನ್ನಬೇಕು, ನಿಮ್ಮ ಫೋನ್ ಬಂದರೆ ‘ಫುಲ್ ಪಾಸಿಟಿವ್ ಮಾವ’ ಅನ್ನಬೇಕು. ನಾನು ಪಾಸಿಟಿವ್ ಆಗಿದ್ದರೆ ರಾತ್ರಿ ನಿದ್ದೆ ಬರುವುದು ನಿಮಗೆ. ಏಳು ತಿಂಗಳಿಂದ ಈ ಕೆಲಸ ಸಂಬಳವಿಲ್ಲದೆ ಮಾಡುತ್ತಿದ್ದೇನೆ, ಭಾನುವಾರವೂ ರಜೆಯಿಲ್ಲ.

ಇನ್ನೊಂದು ವಿಷಯ. ಕಳೆದ ವಾರ ಗೃಹಪ್ರವೇಶದ ಊಟಕ್ಕೆ ಕೂತಾಗ ನೀವು ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡು, ನಿಮ್ಮ ವಾಕಿಂಗ್ ಸ್ನೇಹಿತರೊಬ್ಬರ ಪೀಣ್ಯದ ಫ್ಯಾಕ್ಟರಿಗೆ ಅಕೌಂಟ್ಸ್ ನೋಡಿಕೊಳ್ಳುವವರು ಬೇಕಂತೆ, ಈ ಕಾಲದಲ್ಲಿ ಒಳ್ಳೆಯವರೇ ಸಿಗುವುದಿಲ್ಲ ಎಂದು ಎದುರಿನವರ ಹತ್ತಿರ ಪೇಚಾಡಿದಿರಿ. ಪಕ್ಕದ ಎಲೆಯಲ್ಲಿ ಕೂತಿದ್ದವನು ನಾನೇ.

ನಾಳೆ 5.40ಕ್ಕೆ ಹದ್ದು, ಬಿದಿರು ಯಾವುದೂ ಬೇಡ ಮಾವ. ನಿಮ್ಮ ಆ ಸ್ನೇಹಿತರ ಫೋನ್ ನಂಬರ್ ಕಳಿಸಿ.

ಇತಿ,
ನಿಮ್ಮ ಅಳಿಯ