ಶ್ರೀಮಾನ್ 777 ಅವರಿಗೊಂದು ಬಹಿರಂಗ ಪತ್ರ

ಸರ್ವಾನುಮತಿದಾತರಾದ ಶ್ರೀಮಾನ್ 777 ಅವರಿಗೆ,

ಸಾಷ್ಟಾಂಗ ನಮಸ್ಕಾರಗಳು. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಕ್ಷೇಮ. ಸರ್ವರಿನ ಕ್ಷೇಮದ ಬಗ್ಗೆಯೇ ಈ ಪತ್ರ.

ಹೋದ ಶುಕ್ರವಾರ ಸಂಜೆ ಲಾರಾವೆಲ್‌ನಲ್ಲಿ ಕಟ್ಟಿದ ಆ್ಯಪನ್ನು ನಮ್ಮ ಆಫೀಸಿನ ಸರ್ವರಿಗೆ ಏರಿಸಿದೆ. ಕಂಪೋಸರ್ ಇನ್‌ಸ್ಟಾಲ್ ಆಯಿತು, ಕೀ ಹುಟ್ಟಿತು, ಮೈಗ್ರೇಷನ್ ಓಡಿತು. ಬ್ರೌಸರ್ ತೆರೆದರೆ 500. ಯಾಕೆಂದು ಲಾಗ್ ನೋಡಹೋದರೆ ಲಾಗೇ ಇಲ್ಲ. ಅದನ್ನಿಡುವ ಸ್ಟೋರೇಜ್ ಫೋಲ್ಡರಿನಲ್ಲಿ ಬರೆಯಲು ಆ್ಯಪಿಗೆ ಅನುಮತಿಯಿಲ್ಲ. ದೂರು ಕೊಡಲು ಹೋದವನಿಗೆ ದೂರಿನ ಪುಸ್ತಕವೇ ಬೀರುವಿನೊಳಗೆ, ಬೀಗದ ಕೈ ಇನ್ನೆಲ್ಲೋ!

‘ಇಡೀ ಪ್ರಾಜೆಕ್ಟಿಗೆ 777 ಕೊಟ್ಬಿಡು ಮಾರಾಯ’ ಎಂದ ಪಕ್ಕದ ಸೀಟಿನವನು. ಕೊಟ್ಟೆ. ಸೈಟು ಎದ್ದು ಕೂತಿತು. ನಾನು ಬಸ್ ಹಿಡಿದೆ.

ಎಂಥ ಔದಾರ್ಯ ತಮ್ಮದು! ಓದಲು 4, ಬರೆಯಲು 2, ಓಡಿಸಲು 1; ಕೂಡಿದರೆ 7. ಒಡೆಯನಿಗೊಂದು 7, ಅವನ ಗುಂಪಿಗೊಂದು 7, ದಾರಿಹೋಕನಿಗೂ ಅದೇ 7. ಪಂಕ್ತಿಭೇದವೇ ಇಲ್ಲ. ಕರ್ಣನಾದರೂ ಕೇಳಿದ ಮೇಲೆ ಕವಚ ಬಿಚ್ಚಿಕೊಟ್ಟ. ತಾವು ಕೇಳುವ ಮೊದಲೇ ಕೊಟ್ಟಿರುತ್ತೀರಿ.

ಆದರೆ ನಮ್ಮ ಸರ್ವರೆಂಬುದು ಹತ್ತಾರು ಸೈಟುಗಳ ವಠಾರ. ಪಕ್ಕದ ಮನೆಯ ಹಳೇ ಸೈಟಿಗೆ ಮೊದಲೇ ಕಳ್ಳ ಹೊಕ್ಕಿದ್ದ. ಸೋಮವಾರ ಬಂದು ನೋಡಿದರೆ ನನ್ನ ಪಬ್ಲಿಕ್ ಫೋಲ್ಡರಿನಲ್ಲಿ ನಾನು ಬರೆಯದ ಪಿಎಚ್‌ಪಿ ಫೈಲೊಂದು ಕಾಲು ಚಾಚಿ ಮಲಗಿದೆ. ಡಾಟ್ ಎನ್ವ್ ಫೈಲಿನಲ್ಲಿದ್ದ ಡೇಟಾಬೇಸ್ ಪಾಸ್‌ವರ್ಡನ್ನೂ ಅವನು ನಿಧಾನವಾಗಿ ಓದಿಕೊಂಡಿರಬೇಕು. ತಮ್ಮ ಮೂರನೆಯ 7 ವ್ಯರ್ಥವಾಗಲಿಲ್ಲ.

ಸೀನಿಯರ್ ಮೇಡಮ್ ಬಂದು ಒಂದೇ ಮಾತು ಕೇಳಿದರು: ‘ಈ ಫೈಲುಗಳ ಖಾತೆ ಯಾರ ಹೆಸರಲ್ಲಿದೆ?’ ರೂಟ್ ಹೆಸರಲ್ಲಿತ್ತು. ಎಲ್ಲ ಕಮಾಂಡುಗಳನ್ನೂ ನಾನು ರೂಟ್ ಆಗಿಯೇ ಓಡಿಸಿದ್ದೆ. ಸ್ಟೋರೇಜ್ ಮತ್ತು ಬೂಟ್‌ಸ್ಟ್ರಾಪ್ ಕ್ಯಾಶ್, ಈ ಎರಡರ ಖಾತೆಯನ್ನು ವೆಬ್ ಸರ್ವರಿನ ಬಳಕೆದಾರನಿಗೆ ವರ್ಗಾಯಿಸಿ 775 ಕೊಟ್ಟಿದ್ದರೆ ಸಾಕಿತ್ತಂತೆ. ತಾಲ್ಲೂಕು ಕಚೇರಿಗೆ ಅಲೆಯಬೇಕಿರಲಿಲ್ಲ. ಒಂದು ಸಾಲಿನ ಕೆಲಸ.

ತಮ್ಮ ಮೇಲೆ ಕೋಪವಿಲ್ಲ. ಬಾಗಿಲು ತೆಗೆ ಎಂದವನು ನಾನು, ತಾವು ತೆಗೆದಿರಿ. ಒಂದೇ ವಿನಂತಿ: ಬರುವ ಶುಕ್ರವಾರ ಸಂಜೆ ಐದೂವರೆಗೆ ಇನ್ನೊಂದು ಡಿಪ್ಲಾಯ್ ಇದೆ. ದಯವಿಟ್ಟು ಆ ಹೊತ್ತಿಗೆ ನೆನಪಾಗಬೇಡಿ.

ಇಂತಿ,
ತಮ್ಮ ಮಾಜಿ ಭಕ್ತ