ಸೊಂಟಕ್ಕೊಂದು ಬೈಕು

ನಮ್ಮ ಆಫೀಸಿನ ರಾಯರು ಎರಡು ವರ್ಷದಿಂದ ಬೈಕು ತಗೊಳ್ಳುತ್ತಿದ್ದಾರೆ. ಈ ಕ್ರಿಯಾಪದ ಭೂತಕಾಲಕ್ಕೆ ಇಳಿಯುವ ಲಕ್ಷಣ ಮಾತ್ರ ಕಾಣಿಸುತ್ತಿಲ್ಲ.

ಇಂಥವರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ವಯಸ್ಸು ಐವತ್ತು ದಾಟಿರುತ್ತದೆ, ಮಗ ಕೆಲಸಕ್ಕೆ ಸೇರಿರುತ್ತಾನೆ, ಮನೆ ಸಾಲ ತೀರಿರುತ್ತದೆ, ಸೊಂಟ ನೋವು ಶುರುವಾಗಿರುತ್ತದೆ. ಊಟದ ಡಬ್ಬಿ ಬಿಚ್ಚುವ ಮೊದಲೇ "ಸಾರ್, ನಿಮ್ಮ ಎತ್ತರ ಎಷ್ಟು?" ಎಂದು ಕೇಳಿದರೆ ಅದು ವರಾನ್ವೇಷಣೆಯಲ್ಲ, ಬೈಕಾನ್ವೇಷಣೆ. ನಮ್ಮ ರಾಯರ ಹಳೇ ಸ್ಪ್ಲೆಂಡರಿನ ಸೀಟು ನೆಲದಿಂದ 785 ಮಿಲಿಮೀಟರ್, ಅವರು ಕಣ್ಣಿಟ್ಟಿರುವ ಹಿಮಾಲಯನ್ 450 ಬೈಕಿನದು 825. ನಡುವಿನ ಆ ನಾಲ್ಕು ಸೆಂಟಿಮೀಟರ್ ರಾಯರ ನಿದ್ದೆ ಕೆಡಿಸಿದೆ. ಮೊನ್ನೆ ದಪ್ಪ ಅಟ್ಟೆಯ ಶೂ ಹಾಕಿಕೊಂಡು ಬಂದಾಗ ನಾವು ಪ್ರಮೋಷನ್ ಆಯಿತೆಂದುಕೊಂಡೆವು.

ಟೆಸ್ಟ್ ರೈಡಿಗೆ ನನ್ನನ್ನೂ ಸಾಕ್ಷಿಗೆ ಕರೆದೊಯ್ದರು. ಮೊದಲು ಮೀಟಿಯಾರ್ 350. ಸೀಟು 765, ಎರಡೂ ಪಾದ ಪೂರ್ತಿ ನೆಲಕ್ಕೆ. ಕಾಲು ಮುಂದೆ ಚಾಚಿ ಕೂತ ರಾಯರು ಆರಾಮಕುರ್ಚಿಯ ಜಮೀನ್ದಾರರಂತೆ ಹೊರಟರು, ಬರುವಾಗ ಮುಖ ಹುಳ್ಳಗಿತ್ತು. "ಕಾಲು ಮುಂದೆ ಹೋದರೆ ಮೈಭಾರವೆಲ್ಲ ಬೆನ್ನಿನ ಬುಡಕ್ಕೇ ಬೀಳುತ್ತೆ ಸಾರ್. ತಿರುವಿನ ಗುಂಡಿ ಅಲ್ಲಿಂದ ಹತ್ತಿ ನೆತ್ತಿವರೆಗೆ ಬಂತು."

ಆಮೇಲೆ ಹಿಮಾಲಯನ್. ನೆಟ್ಟಗೆ ಕೂರಬಹುದು, ಗುಂಡಿ ಬಂದರೆ ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಬಹುದು, ಹಿಂದೆ ಮುಂದೆ 200 ಮಿಲಿಮೀಟರ್ ಕುಗ್ಗುವ ಸಸ್ಪೆನ್ಷನ್. ಬೆನ್ನು ಒಪ್ಪಿತು, ಕಾಲು ಒಪ್ಪಲಿಲ್ಲ. ಸಿಗ್ನಲ್ಲಿನಲ್ಲಿ ಒಂದು ಕಾಲಿನ ಬೆರಳ ತುದಿಯಲ್ಲಿ ನಿಂತು ರಾಯರು ಸ್ವಲ್ಪ ಹೊತ್ತು ಭರತನಾಟ್ಯ ಮಾಡಿದರಂತೆ. ಸ್ಪ್ಲೆಂಡರ್ 112 ಕೆಜಿ, ಇದು 196. "ಇದು ವಾಲಿದರೆ ನಾನೂ ವಾಲ್ತೀನಿ. ಆಮೇಲೆ ಇಬ್ಬರನ್ನೂ ಎತ್ತೋರು ಯಾರು?"

ಇದೆಲ್ಲ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ದಾಖಲಾಗಿದೆ: ಸೀಟು, ತೂಕ, ಹ್ಯಾಂಡಲ್, ಟ್ಯಾಂಕು, ಮೈಲೇಜು. ಕೊನೆಯಲ್ಲಿ 'ಸೊಂಟದ ಅಭಿಪ್ರಾಯ'. ಮೆತ್ತನೆ ಸೀಟಿನ ಮೇಲೆ ಅವರಿಗೆ ನಂಬಿಕೆಯಿಲ್ಲ. "ಶೋರೂಮಿನಲ್ಲಿ ಹತ್ತಿ, ಹಾಸನದ ಹೊತ್ತಿಗೆ ಕಲ್ಲು. ಸ್ಪಂಜು ಕುಸಿದು ಮೂಳೆ ತಗಡು ಹುಡುಕುತ್ತೆ. ದೂರಕ್ಕೆ ಗಟ್ಟಿ ಸೀಟೇ ಸರಿ." ಈ ಮಾತು ನಿಜವೂ ಹೌದು. ಇಂಥವರ ತೊಂದರೆಯೇ ಅದು, ಅವರು ಹೇಳುವುದೆಲ್ಲ ನಿಜವಾಗಿರುತ್ತದೆ.

"ಗಂಟೆಗೆ ನೂರರಲ್ಲಿ ಗಾಳಿ ಎದೆಗೆ ಗುದ್ದುತ್ತೆ, ಮೈಸೂರಿಗೆ ಹೋಗೋಕಾದರೂ ಮುಂದೆ ಗಾಜು ಬೇಕು" ಎಂದರು ಒಂದು ದಿನ. ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟಿನಿಂದ ಬೈಕು ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲಿ ನೂರು ಹೇಗೆ ಹೋಗ್ತೀರಿ ಎಂದೆ. "ತತ್ವ ಮುಖ್ಯ ಸಾರ್" ಎಂದು ಗಾಜಿಗೂ ಒಂದು ಕಾಲಂ ಎಳೆದರು.

ಕಳೆದ ಭಾನುವಾರ ಮನೆಯವರನ್ನು ಶೋರೂಮಿಗೆ ಕರೆದೊಯ್ದರು. ಆಕೆ ಹಿಮಾಲಯನ್ನಿನ ಹಿಂದಿನ ಸೀಟನ್ನು ಒಮ್ಮೆ ನೋಡಿ, ಸೆರಗು ಸಿಕ್ಕಿಸಿಕೊಂಡು, ಶೋರೂಮಿನ ಹುಡುಗನನ್ನು ಕೇಳಿದರು: "ಇದರ ಜೊತೆ ಏಣಿ ಕೊಡ್ತೀರೇನಪ್ಪಾ?" ಆಮೇಲೆ ಗಂಡನ ಕಡೆ ತಿರುಗಿ, "ರೀ, ಮಗುವನ್ನ ಟ್ಯಾಂಕ್ ಮೇಲೆ ಕೂರಿಸ್ಕೊಂಡು, ನನ್ನ ಹಿಂದೆ ಬ್ಯಾಗು ಕಟ್ಟಿ, ಆ ಸ್ಪ್ಲೆಂಡರಿನಲ್ಲೇ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಿದ್ವಲ್ಲ. ಆಗ ನಿಮ್ಮ ಸೊಂಟ ಎಲ್ಲಿತ್ತು?"

"ಆಗ ಅದಕ್ಕೆ ಟೂರಿಂಗ್ ಅಂತಾರೆ ಅಂತ ಗೊತ್ತಿರಲಿಲ್ಲ ಕಣೇ" ಎಂದರಂತೆ ರಾಯರು.

ಇಲ್ಲಿಗೆ ಮುಗಿಯಿತೆಂದುಕೊಂಡೆ. ಸೋಮವಾರ ಬೆಳಗ್ಗೆ ರಾಯರು ನಗುನಗುತ್ತ ಬಂದು ನೋಟ್‌ಬುಕ್ ಬಿಚ್ಚಿದರು. ಕೆಂಪು ಶಾಯಿಯಲ್ಲಿ ಹೊಸ ಕಾಲಂ: 'ಸೀರೆ'. ಅದರ ಕೆಳಗೆ ಅಷ್ಟೂ ಬೈಕುಗಳ ಮುಂದೆ ಜಾಗ ಖಾಲಿ.

"ಎಲ್ಲಾ ಮೊದಲಿಂದ ನೋಡಬೇಕು ಸಾರ್" ಎಂದು ಪೆನ್ನಿನ ಮುಚ್ಚಳ ತೆಗೆದರು. ಕೆಳಗೆ, ಗೇಟಿನ ಪಕ್ಕದ ನೆರಳಲ್ಲಿ, ಸ್ಪ್ಲೆಂಡರು ಸೈಡ್ ಸ್ಟ್ಯಾಂಡಿಗೆ ಒರಗಿ ನಿಶ್ಚಿಂತೆಯಾಗಿತ್ತು.