ಗುಂಪಿನಲ್ಲಿ ಗೋವಿಂದ ಎನ್ನುವ ಕೇಬಲ್‌ಗಳು

ಸರ್ವರ್ ರೂಮಿಗೆ ವರ್ಷಕ್ಕೊಮ್ಮೆ ಕಾಲಿಡುವ ಸಾಹೇಬರ ಕಣ್ಣಿಗೆ ಬೀಳುವುದು ಒಂದೇ: ಕಿತ್ತಳೆ ದೀಪ. ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್. ಒಂದರ ದೀಪ ಹಸಿರಾಗಿ ಮಿಣುಕುತ್ತಿದೆ, ಇನ್ನೊಂದರದ್ದು ಕಿತ್ತಳೆಯಾಗಿ ಕಣ್ಣು ಬಿಟ್ಟು ಕೂತಿದೆ.

‘ಇದ್ಯಾಕ್ರೀ ಹಿಂಗೆ?’

‘ಬ್ಲಾಕ್ ಆಗಿದೆ ಸರ್.’

‘ಬ್ಲಾಕ್ ಆಗಿ ಕೂತ್ಕೊಳ್ಳಲಿ ಅಂತ ದುಡ್ಡು ಕೊಟ್ವಾ?’

‘ಸ್ಪ್ಯಾನಿಂಗ್ ಟ್ರೀ ಸರ್, ಅದೇ ಮಾಡಿರೋದು.’

‘ಹಂಗಾದ್ರೆ ಅದನ್ನ ತೆಗೀರಿ.’

ಇಡೀ ಕಟ್ಟಡದ ನೆಟ್‌ವರ್ಕನ್ನು ಮಲಗಿಸಲು ಇಷ್ಟು ಸಾಕು. ಇಂಟರ್‌ನೆಟ್ಟಿನ ಪ್ಯಾಕೆಟ್ಟಿಗೆ ಆಯುಸ್ಸು ಅಂತ ಒಂದಿರುತ್ತದೆ. ರೂಟರ್ ದಾಟಿದಂತೆಲ್ಲ ಒಂದೊಂದೇ ಕಳೆದು ಕೊನೆಗೆ ಸಾಯುತ್ತದೆ. ಈಥರ್‌ನೆಟ್ ಫ್ರೇಮಿಗೆ ಆ ಭಾಗ್ಯವಿಲ್ಲ. ‘ಪ್ರಿಂಟರ್ ಎಲ್ಲಿದ್ದೀಯಪ್ಪಾ’ ಎಂದು ಯಾವುದೋ ಕಂಪ್ಯೂಟರ್ ಎಲ್ಲರನ್ನೂ ಕೇಳಿದ ಒಂದು ಬ್ರಾಡ್‌ಕಾಸ್ಟ್ ಒಂದು ಕೇಬಲ್‌ನಲ್ಲಿ ಹೋಗಿ ಇನ್ನೊಂದರಲ್ಲಿ ಬಂದು, ಮತ್ತೆ ಹೋಗಿ ಮತ್ತೆ ಬಂದು, ಪ್ರತಿ ಸುತ್ತಿಗೂ ಎಲ್ಲ ಕಂಪ್ಯೂಟರುಗಳ ಬಾಗಿಲು ತಟ್ಟುತ್ತಲೇ ಇರುತ್ತದೆ. ಅಷ್ಟರಲ್ಲಿ ಅದರ ಹಿಂದೆ ಇನ್ನಷ್ಟು ಬ್ರಾಡ್‌ಕಾಸ್ಟ್‌ಗಳು ಸೇರಿರುತ್ತವೆ. ಆಗ ಸಾಹೇಬರು ಬಯಸಿದಂತೆ ಎರಡೂ ದೀಪ ಹಸಿರು. ನೆಟ್‌ವರ್ಕ್ ಮಾತ್ರ ಇರುವುದಿಲ್ಲ.

ಈ ಸುತ್ತಾಟಕ್ಕೆ ಸ್ಪ್ಯಾನಿಂಗ್ ಟ್ರೀ ಎಂಬ ಮದ್ದು ಅರೆದವರು ರೇಡಿಯಾ ಪರ್ಲ್‌ಮನ್, 1985ರಲ್ಲಿ, ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿ. ಸ್ವಿಚ್‌ಗಳು ತಮ್ಮೊಳಗೇ ಒಂದನ್ನು ಮರದ ಬೇರಾಗಿ ಆರಿಸಿಕೊಳ್ಳಬೇಕು, ಅಲ್ಲಿಗೆ ಹೋಗಲು ಅಗ್ಗದ ಒಂದೇ ದಾರಿ ಉಳಿಸಿಕೊಂಡು ಮಿಕ್ಕದ್ದನ್ನು ಮುಚ್ಚಬೇಕು. ಊರಿಗೊಬ್ಬಳೇ ಪದ್ಮಾವತಿ. ಕಿತ್ತಳೆ ದೀಪದ ಕೇಬಲ್ ಸೋಮಾರಿಯಲ್ಲ, ಹಸಿರಿನದ್ದು ಕಡಿದುಹೋದರೆ ಎದ್ದು ನಿಲ್ಲಲು ಕಾಯುತ್ತಿರುವುದು. ಹಳೆಯ ಪದ್ಧತಿಯಲ್ಲಿ ಎದ್ದು ನಿಲ್ಲಲು ಮೂವತ್ತರಿಂದ ಐವತ್ತು ಸೆಕೆಂಡು ಹಿಡಿಯುತ್ತಿತ್ತು; 2001ರ ರ‍್ಯಾಪಿಡ್ ಆವೃತ್ತಿ ಬಂದ ಮೇಲೆ ಚುರುಕಾಗಿದೆ.

ಬೇರನ್ನು ಆರಿಸುವ ಚುನಾವಣೆಯಂತೂ ನೋಡುವಂಥದ್ದು. ಅತಿ ಚಿಕ್ಕ ಸಂಖ್ಯೆಯವರಿಗೇ ಗೆಲುವು. ಕಾರ್ಖಾನೆಯಿಂದ ಹೊರಡುವಾಗ ಪ್ರತಿ ಸ್ವಿಚ್‌ನ ಆದ್ಯತೆಯ ಅಂಕಿ 32768. ಅದನ್ನು ಬದಲಿಸಲು ಬೇಕಾಗುವುದು ಒಂದು ಸಾಲಿನ ಆದೇಶ, ಆ ಸಾಲನ್ನು ಯಾರೂ ಬರೆಯುವುದಿಲ್ಲ. ಎಲ್ಲರದ್ದೂ ಸಮವಾದಾಗ ಕಾರ್ಖಾನೆಯಲ್ಲೇ ಅಚ್ಚಾದ ಮ್ಯಾಕ್ ವಿಳಾಸ ನೋಡಬೇಕು. ಒಂದೇ ಕಂಪನಿಯ ಮಾಲಾದರೆ ಚಿಕ್ಕ ವಿಳಾಸ ಬಹಳ ಸಲ ಹಳೆಯ ಡಬ್ಬಿಯದೇ. ಹೀಗಾಗಿ ಲಕ್ಷಾಂತರ ಸುರಿದು ತಂದ ಹೊಸ ಕೋರ್ ಸ್ವಿಚ್, ಕ್ಯಾಂಟೀನಿನ ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಹಳೇ ಸ್ವಿಚ್‌ನ ಅಪ್ಪಣೆಗೆ ತಲೆಬಾಗುತ್ತದೆ. ಸೀನಿಯಾರಿಟಿ ಅಂದಮೇಲೆ ಸೀನಿಯಾರಿಟಿ.

ಈಗ ಸಾಹೇಬರ ದುಃಖಕ್ಕೆ ಬರೋಣ. ಎರಡೂ ಕೇಬಲ್ ದುಡಿಯಬೇಕು, ಸ್ಪ್ಯಾನಿಂಗ್ ಟ್ರೀಯೂ ಇರಬೇಕು. ಇದಕ್ಕೊಂದು ಉಪಾಯ 1990ರ ದಶಕದಲ್ಲೇ ಸಿಲಿಕಾನ್ ವ್ಯಾಲಿಯ ಒಂದು ಕಂಪನಿಯಿಂದ ಬಂತು. ಕಂಪನಿಯ ಹೆಸರು ಕಲ್ಪನಾ. ವಿನೋದ್ ಭಾರದ್ವಾಜ್ ಎಂಬ ಭಾರತ ಮೂಲದ ಉದ್ಯಮಿ ಲ್ಯಾರಿ ಬ್ಲೇರ್ ಜೊತೆ ಕಟ್ಟಿ, ಹೆಂಡತಿಯ ಹೆಸರನ್ನೇ ಇಟ್ಟಿದ್ದರು. 1994ರಲ್ಲಿ ಸಿಸ್ಕೊ ಅದನ್ನು ಕೊಂಡುಕೊಂಡಿತು, ಈಥರ್‌ಚಾನಲ್ ಎಂಬ ಆ ಉಪಾಯದ ಸಮೇತ. 2000ದಲ್ಲಿ ಮಾನಕ ಸಂಸ್ಥೆ ಐಟ್ರಿಪಲ್‌ಇ ಈ ಉಪಾಯಕ್ಕೆ 802.3ಎಡಿ ಎಂಬ ಸರ್ವಸಮ್ಮತ ನಿಯಮ ಮಾಡಿತು. ಅದರಲ್ಲಿ ಎರಡು ತುದಿಯ ಸ್ವಿಚ್‌ಗಳು ಮಾತಾಡಿಕೊಳ್ಳುವ ಭಾಷೆಯೇ ಎಲ್‌ಎಸಿಪಿ.

ಉಪಾಯವೇನು? ರೇಷನ್ ಕಾರ್ಡು. ಸ್ಪ್ಯಾನಿಂಗ್ ಟ್ರೀ ಎಂಬ ಅಧಿಕಾರಿ ತಲೆ ಎಣಿಸುವುದಿಲ್ಲ, ಕಾರ್ಡು ಎಣಿಸುತ್ತದೆ. ನಾಲ್ಕು ಕೇಬಲ್‌ಗಳನ್ನು ಒಂದು ಕಾರ್ಡಿಗೆ ಸೇರಿಸಿ ಮುಂದಿಟ್ಟರೆ ಅದರ ಲೆಕ್ಕಕ್ಕೆ ಒಂದೇ ಪೋರ್ಟ್. ಒಂದಿದ್ದ ಮೇಲೆ ಸುತ್ತು ಎಲ್ಲಿಂದ? ಬ್ಲಾಕ್ ಮಾಡಲು ಎರಡನೆಯದೇ ಇಲ್ಲ. ಎರಡು ಸೆಕೆಂಡಿಗೊಮ್ಮೆ ಹೋಗುವ ಬಿಪಿಡಿಯು ಎಂಬ ಹಾಜರಿ ಕೂಗು ಕೂಡ ಆ ಮನೆಯ ಯಜಮಾನನಂತಿರುವ ಒಂದೇ ಕೇಬಲ್‌ನಲ್ಲಿ ಹೋಗುತ್ತದೆ, ಮಿಕ್ಕವು ಗುಂಪಿನಲ್ಲಿ ಗೋವಿಂದ.

ದಾರಿ ಅಗ್ಗವೋ ದುಬಾರಿಯೋ ಎಂದು ಅಳೆಯುವ ದರಪಟ್ಟಿಯಲ್ಲೂ ತಮಾಷೆಯಿದೆ. ಹಳೆಯ ಪಟ್ಟಿಯಲ್ಲಿ ಒಂದು ಗಿಗಾಬಿಟ್ ಕೇಬಲ್‌ಗೆ 4. ಎರಡನ್ನು ಕಟ್ಟಿದರೆ ಸಿಸ್ಕೊ ಲೆಕ್ಕದಲ್ಲಿ 3. ನಾಲ್ಕರ ಅರ್ಧ ಎರಡಲ್ಲವೇ ಎನ್ನಬೇಡಿ, 2 ಅನ್ನು ಹತ್ತು ಗಿಗಾಬಿಟ್‌ನ ದೊಡ್ಡವರಿಗೆ ಮೊದಲೇ ಕಾದಿರಿಸಿ ಆಗಿದೆ. ಕಟ್ಟಿನಲ್ಲೊಂದು ಕೇಬಲ್ ಸತ್ತರೂ ಉಳಿದದ್ದು ಹೊರೆ ಹೊರುತ್ತದೆ, ಪೋರ್ಟ್ ಮುಚ್ಚುವುದಿಲ್ಲ. ಆದರೆ ಕೆಲವು ಸ್ವಿಚ್‌ಗಳಲ್ಲಿ ದರ ಮತ್ತೆ 4ಕ್ಕೆ ಏರಿ, ಬೇರೆ ದಾರಿ ಅಗ್ಗವಾಗಿ ಕಂಡು, ಎಲ್ಲ ಟ್ರಾಫಿಕ್ಕೂ ಇದ್ದಕ್ಕಿದ್ದಂತೆ ಅತ್ತ ತಿರುಗುವುದುಂಟು.

ಸರಿ, ನಾಲ್ಕು ಗಿಗಾಬಿಟ್ ಕೇಬಲ್ ಕಟ್ಟಿದೆವು, ನಾಲ್ಕೂ ಹಸಿರು. ಸಾಹೇಬರು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ದೊಡ್ಡದೊಂದು ಬ್ಯಾಕಪ್ ಹಾಕಿಸಿ ವೇಗ ನೋಡುತ್ತಾರೆ. ಬರುವುದು ಒಂದೇ ಗಿಗಾಬಿಟ್. ಒಂದು ಸಂಭಾಷಣೆಯ ಫ್ರೇಮುಗಳು ಹಿಂದುಮುಂದಾಗಬಾರದು. ಆದ್ದರಿಂದ ಸ್ವಿಚ್ ಕಳಿಸುವವರ, ಪಡೆಯುವವರ ವಿಳಾಸಗಳನ್ನು ಅರೆದು ಲೆಕ್ಕ ಹಾಕಿ, ಇಡೀ ಸಂಭಾಷಣೆಯನ್ನು ಒಂದೇ ಕೇಬಲ್‌ಗೆ ಗಂಟು ಹಾಕುತ್ತದೆ. ನೂರಾರು ಜನ ನೂರಾರು ಕಡೆ ಮಾತಾಡುತ್ತಿದ್ದರೆ ಹೊರೆ ಹಂಚಿಹೋಗುತ್ತದೆ. ಇಬ್ಬರೇ ಮಾತಾಡಿದರೆ ಒಂದು ಕೇಬಲ್ ಏದುಸಿರು ಬಿಡುತ್ತದೆ, ಮೂರು ನೋಡುತ್ತ ನಿಂತಿರುತ್ತವೆ. ಮುಂಚೆ ಕಿತ್ತಳೆ ದೀಪ ಹಚ್ಚಿಕೊಂಡು ಸುಮ್ಮನಿದ್ದದ್ದು ಈಗ ಹಸಿರು ದೀಪ ಹಚ್ಚಿಕೊಂಡು ಸುಮ್ಮನಿದೆ. ಫೋಟೋ ತೆಗೆದು ಮೇಲಿನವರಿಗೆ ಕಳಿಸಲು ಅಡ್ಡಿಯಿಲ್ಲ.

ನಿಜವಾದ ಪ್ರಹಸನ ಶುಕ್ರವಾರ ಸಂಜೆಯದು. ಎಲ್‌ಎಸಿಪಿ ಎರಡೂ ತುದಿಯವರನ್ನು ಕೇಳಿ, ಇಬ್ಬರೂ ಹೂಂ ಎಂದ ಮೇಲೇ ಕಟ್ಟು ಹಾಕುತ್ತದೆ. ಮನೆಗೆ ಹೊರಡುವ ಆತುರದ ಎಂಜಿನಿಯರ್‌ಗೆ ಅಷ್ಟು ವ್ಯವಧಾನ ಎಲ್ಲಿ? ಆ ತುದಿಯನ್ನು ಕೇಳದೆಯೇ ಈ ತುದಿಯಲ್ಲಿ ‘ಆನ್’ ಎಂದು ಒತ್ತಿಬಿಡುತ್ತಾನೆ. ಆಗ ಈ ತುದಿಯಲ್ಲಿ ಕೂಡು ಕುಟುಂಬ, ಆ ತುದಿಯಲ್ಲಿ ಪಾಲಾದ ಮನೆ. ಇಲ್ಲಿಂದ ಹಾಜರಿ ಕೂಗು ಹೋಗುವುದು ಒಂದೇ ಕೇಬಲ್‌ನಲ್ಲಿ, ಆ ತುದಿಯ ಎರಡನೇ ಪೋರ್ಟ್‌ಗೆ ಏನೂ ಕೇಳಿಸುವುದಿಲ್ಲ. ಸದ್ದಿಲ್ಲದಿದ್ದರೆ ಅಪಾಯವೂ ಇಲ್ಲ ಎಂಬುದು ಸ್ಪ್ಯಾನಿಂಗ್ ಟ್ರೀಯ ಮುಗ್ಧ ನಂಬಿಕೆ, ಬಾಗಿಲು ತೆರೆದಿಡುತ್ತದೆ. ಇಲ್ಲಿಂದ ಹೊರಟ ಬ್ರಾಡ್‌ಕಾಸ್ಟ್ ಅಲ್ಲಿ ತಿರುಗಿ ಇನ್ನೊಂದು ಕೇಬಲ್‌ನಲ್ಲಿ ವಾಪಸ್ ಬರುತ್ತದೆ, ತನ್ನ ಪಕ್ಕದಲ್ಲೇ ಕೂತ ಕಂಪ್ಯೂಟರ್ ಆ ದಡದಲ್ಲಿದೆ ಎಂದು ಸ್ವಿಚ್ ನಂಬುತ್ತದೆ, ಮರುಕ್ಷಣ ಇಲ್ಲೇ ಇದೆ ಎನ್ನುತ್ತದೆ, ಮತ್ತೆ ಅಲ್ಲಿದೆ ಎನ್ನುತ್ತದೆ. ಇಂಥ ಎಡವಟ್ಟನ್ನು ಪತ್ತೆಹಚ್ಚುವ ಕಾವಲೂ ಕೆಲವು ಸ್ವಿಚ್‌ಗಳಲ್ಲಿದೆ. ಅದು ಪೋರ್ಟ್ ಮುಚ್ಚಿದರೆ ಎಂಜಿನಿಯರ್ ಮೊದಲು ತೆಗೆಯುವುದು ಆ ಕಾವಲನ್ನೇ.

ನಗುವ ವಿಷಯವಲ್ಲ ಎಂದರೆ ಬಾಸ್ಟನ್ನಿನವರು ಒಪ್ಪುತ್ತಾರೆ. 2002ರ ನವೆಂಬರ್‌ನಲ್ಲಿ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ನೆಟ್‌ವರ್ಕ್ ಸ್ಪ್ಯಾನಿಂಗ್ ಟ್ರೀಯ ಮಿತಿ ಮೀರಿ ಬೆಳೆದು, ಏಳು ಸ್ವಿಚ್‌ಗಿಂತ ದೂರ ಹೋಗಬಾರದೆಂಬ ಲೆಕ್ಕಾಚಾರ ತಪ್ಪಿ ಕುಸಿಯಿತು. ನಾಲ್ಕು ದಿನದ ಹತ್ತಿರ ವೈದ್ಯರು ಕಾಗದ, ಪೆನ್ನು ಹಿಡಿದರು. ಅಲ್ಲಿನ ಮುಖ್ಯ ಮಾಹಿತಿ ಅಧಿಕಾರಿ ಜಾನ್ ಹಲಾಮ್ಕಾ ನಡೆದದ್ದನ್ನು ಮುಚ್ಚಿಡದೆ ಎಲ್ಲರಿಗೂ ಹೇಳಿದರು.

ನಮ್ಮಲ್ಲಿ ಅಷ್ಟೆಲ್ಲ ಬಾಯಿ ಬಿಡುವ ಪದ್ಧತಿಯಿಲ್ಲ. ಸೋಮವಾರದ ವರದಿಯಲ್ಲಿ ‘ಹಾರ್ಡ್‌ವೇರ್ ತೊಂದರೆ’ ಎಂದು ಬರೆದು ಹೊಸ ಸ್ವಿಚ್‌ಗೆ ಇಂಡೆಂಟ್ ಹಾಕುತ್ತಾರೆ. ಮೂರು ಕೊಟೇಶನ್, ಎರಡು ಸಹಿ, ಒಂದು ಪೂಜೆ. ಡಬ್ಬಿ ಒಡೆದು, ನಿಂಬೆಹಣ್ಣು ಇಟ್ಟು, ಕರೆಂಟು ಕೊಟ್ಟರೆ ಅದರೊಳಗೂ ಆದ್ಯತೆ 32768.